ಅಡಿಕೆ ಸಾಲಿನ ನಡುವಿನ ಕಾಫಿ ಗಿಡ ಸೊರಗಿದರೆ ಎಲ್ಲಿಂದ ಹುಡುಕಬೇಕು

ನನ್ನ ತವರು ಮಲೆನಾಡಿನ ಮೂಡಿಗೆರೆ ಕಡೆ. ಮದುವೆಯಾಗಿ ಬಂದಿದ್ದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿಗೆ. ಇಲ್ಲಿ ಅಡಿಕೆ, ತೆಂಗು, ಹೊಲದಲ್ಲಿ ರಾಗಿ. ಬಾಣಂತನ ಮುಗಿಸಿಕೊಂಡು ವಾಪಸ್ ಹೊರಟಾಗ ಅಮ್ಮ ಐವತ್ತು ಕಾಫಿ ಸಸಿ ಕಾರಿನ ಡಿಕ್ಕಿಗೆ ತುಂಬಿಸಿದ್ದರು. ಅಲ್ಲಿಂದ ಶುರುವಾಗಿದ್ದು. ಈಗ ಅಡಿಕೆ ಸಾಲಿನ ನಡುವೆ ಒಂದೂವರೆ ಎಕರೆ ಕಾಫಿ ಇದೆ. ಹೆಚ್ಚಿನದು ರೋಬಸ್ಟಾ ಜಾತಿ. ಹಳೇ ಬಾವಿ ಪಕ್ಕ ಮಾತ್ರ ಒಂದಿಷ್ಟು ಅರೇಬಿಕಾ.

ನಮ್ಮ ಸುತ್ತಮುತ್ತ ಕಾಫಿ ಹಾಕಿರುವವರು ಎಲೆ ಕಿತ್ತುಕೊಂಡು ಮನೆಗೆ ಬರುತ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ. 'ಇದಕ್ಕೆ ಏನು ಹೊಡೀಬೇಕಮ್ಮ?' ಹತ್ತರಲ್ಲಿ ಏಳೆಂಟು ಸಲ ಏನೂ ಹೊಡೆಯುವುದು ಬೇಕಿರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತವರಿನಲ್ಲಿ ಗಿಡ ಸೊರಗಿದರೆ ಮೊದಲು ರೋಗ ಹುಡುಕುತ್ತಾರೆ. ಅಲ್ಲಿ ಮಳೆ ವರ್ಷಕ್ಕೆ 2000 ಮಿಲಿಮೀಟರ್ ದಾಟುತ್ತದೆ, ಮಣ್ಣು ಹುಳಿ. ತುಮಕೂರು ಜಿಲ್ಲೆಯಲ್ಲಿ ಬೀಳುವುದು ಸುಮಾರು 600ರಿಂದ 700. ರೋಬಸ್ಟಾಗೆ ಕಡಿಮೆ ಅಂದರೂ 1000 ಬೇಕು. ಉಳಿದದ್ದನ್ನು ನಮ್ಮ ಬೋರ್ ಕೊಡಬೇಕು. ಬೋರ್ ನೀರು ಗಡಸು, ಏಪ್ರಿಲ್ ಬಿಸಿಲು ಖಾರ. ಹಾಗಾಗಿ ಇಲ್ಲಿ ಹುಡುಕುವ ದಾರಿ ತಿರುವುಮುರುವು. ಮೊದಲು ನೀರು, ಆಮೇಲೆ ನೆರಳು, ಆಮೇಲೆ ಮಣ್ಣು. ರೋಗ, ಹುಳ ಕಡೆಗೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತುಮಕೂರು ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ರೋಬಸ್ಟಾಗೆ 500ರಿಂದ 1000 ಮೀಟರ್ ಸಾಕು. ಅರೇಬಿಕಾ ಕೇಳುವುದು 1000ದಿಂದ 1500 ಮೀಟರ್, 15ರಿಂದ 25 ಡಿಗ್ರಿ ತಂಪು. ನಿಮ್ಮದು ಪೂರ್ತಿ ಅರೇಬಿಕಾ ಆಗಿದ್ದರೆ ಕೆಳಗಿನ ತೊಂದರೆಗಳಲ್ಲಿ ಅರ್ಧ ಆ ಒಂದು ಕಾರಣಕ್ಕೇ ಬರುತ್ತವೆ.

ತೋಟಕ್ಕೆ ಇಳಿಯುವ ಮುಂಚೆ ಕಾಲಿಗೆ ಗಮ್‌ಬೂಟು, ಕೈಗೊಂದು ಕೋಲು ಇರಲಿ. ಅಡಿಕೆ ಸೋಗೆ, ಕಾಫಿ ಎಲೆ ಸೇರಿ ದಪ್ಪ ಹೊದಿಕೆ ಆಗಿರುತ್ತದೆ. ಅದರಡಿ ಕೊಳಕುಮಂಡಲ ಮಲಗಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಬುಡ ಬಗೆಯುವ ಮುಂಚೆ ಕೋಲಿನಿಂದ ಎಲೆ ಸರಿಸಿ, ಕೈಯಿಂದ ಬೇಡ. ಕಚ್ಚಿದರೆ ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲ ಸಿಕ್ಕಿದ ಗಾಡಿಯಲ್ಲಿ ಆಸ್ಪತ್ರೆಗೆ ಹೋಗಿ.

ಮಧ್ಯಾಹ್ನ ಎಲೆ ಜೋತು ಬೀಳುತ್ತದೆ

ಮಧ್ಯಾಹ್ನ ನೋಡಿ ಗಾಬರಿ ಬೀಳಬೇಡಿ. ಮಾರನೇ ದಿನ ಬೆಳಿಗ್ಗೆ 6 ಗಂಟೆಗೆ ಹೋಗಿ ಅದೇ ಗಿಡ ನೋಡಿ. ಎಲೆ ಎದ್ದು ನಿಂತಿದ್ದರೆ ಗಿಡ ಬಿಸಿಲಿಗೆ ಸುಸ್ತಾಗಿತ್ತು, ಅಷ್ಟೇ. ಬೆಳಿಗ್ಗೆಯೂ ಜೋತುಕೊಂಡೇ ಇದ್ದರೆ ಎರಡರಲ್ಲಿ ಒಂದು. ಬೇರಿಗೆ ನೀರು ಮುಟ್ಟುತ್ತಿಲ್ಲ, ಇಲ್ಲವೇ ನೀರು ನಿಂತು ಬೇರಿಗೆ ಉಸಿರು ಕಟ್ಟಿದೆ. ಎರಡಕ್ಕೂ ಎಲೆ ಒಂದೇ ಥರ ಜೋಲುತ್ತದೆ. ಇದು ಗೊತ್ತಿಲ್ಲದೆ, ಕೊಳೆಯುತ್ತಿರುವ ಬೇರಿಗೆ ಇನ್ನಷ್ಟು ನೀರು ಬಿಟ್ಟು ಗಿಡ ಕಳೆದುಕೊಂಡವರಿದ್ದಾರೆ.

ಬುಡದಿಂದ ಒಂದು ಗೇಣು ದೂರದಲ್ಲಿ ಒಂದು ಗೇಣು ಆಳಕ್ಕೆ ಮಣ್ಣು ತೆಗೆಯಿರಿ. ಮುಷ್ಟಿಯಲ್ಲಿ ಹಿಡಿದು ಅದುಮಿ. ಉಂಡೆ ಕಟ್ಟಿ, ಬೆರಳಲ್ಲಿ ತಟ್ಟಿದ ಕೂಡಲೇ ಒಡೆದರೆ ಹದ ಸರಿ ಇದೆ. ಉಂಡೆಯೇ ಕಟ್ಟದೆ ಪುಡಿಪುಡಿ ಉದುರಿದರೆ ಬರ. ಅಂಗೈಗೆ ಕೆಸರು ಮೆತ್ತಿ, ಹುಳಿ ವಾಸನೆ ಬಂದರೆ ನೀರು ಜಾಸ್ತಿ. ಆ ಸಾಲಿಗೆ ನೀರು ನಿಲ್ಲಿಸಿ, ಕಾಲುವೆ ಬಿಡಿಸಿ.

ಬರ ಅಂತ ಗೊತ್ತಾದರೆ ಡ್ರಿಪ್ ಅಳೆಯಿರಿ. ಇದಕ್ಕೆ ಒಂದು ಲೀಟರ್ ಅಳತೆಯ ಪಾತ್ರೆ, ಒಂದು ಗಡಿಯಾರ ಸಾಕು. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್ ಆದರೆ 15 ನಿಮಿಷಕ್ಕೆ ಒಂದು ಲೀಟರ್ ತುಂಬಬೇಕು. ಸಾಲಿನ ಮೊದಲಲ್ಲಿ ಒಂದು ಕಡೆ, ನಡುವೆ ಒಂದು ಕಡೆ, ಕೊನೆಯಲ್ಲಿ ಒಂದು ಕಡೆ ಇಡಿ. ನಮ್ಮ ತೋಟದಲ್ಲಿ ಮೊದಲ ಸಲ ಅಳೆದಾಗ ಮೊದಲ ಗಿಡಕ್ಕೆ ಒಂದು ಲೀಟರ್ ಬಂತು, ಕೊನೆಯ ಗಿಡಕ್ಕೆ ಒಂದು ಟೀ ಲೋಟದಷ್ಟು. ಎರಡು ವರ್ಷದಿಂದ ಆ ಕೊನೆಯ ಹನ್ನೆರಡು ಗಿಡಕ್ಕೆ ಗೊಬ್ಬರ ಸಾಲುತ್ತಿಲ್ಲ ಅಂತ ನಾವು ಹಿಂಡಿ ಹಾಕುತ್ತಲೇ ಇದ್ದೆವು.

ಎಲ್ಲ ಕಡೆಯೂ ಕಡಿಮೆ ಬಂದರೆ ಮೊದಲು ಫಿಲ್ಟರ್ ಬಿಚ್ಚಿ ತೊಳೆಯಿರಿ. ಕೊನೆಯಲ್ಲಿ ಮಾತ್ರ ಕಡಿಮೆ ಬಂದರೆ ಪೈಪಿನ ತುದಿ ಬಿಚ್ಚಿ ಐದು ನಿಮಿಷ ನೀರು ಹರಿಯಬಿಡಿ. ಮಣ್ಣು, ಪಾಚಿ ಹೊರಗೆ ಬರುತ್ತದೆ. ಡ್ರಿಪ್ಪರ್ ಬಾಯಿಗೆ ಬಿಳಿ ಹೆಪ್ಪು ಕಟ್ಟಿದ್ದರೆ ಅದರ ಮೇಲೆ ನಿಂಬೆಹಣ್ಣು ಹಿಂಡಿ. ಸಣ್ಣಗೆ ನೊರೆ ಎದ್ದರೆ ಅದು ಗಡಸು ನೀರಿನ ಸುಣ್ಣ. ಅದನ್ನು ಕರಗಿಸಲು ಪೈಪಿನೊಳಗೆ ಆಸಿಡ್ ಬಿಡುತ್ತಾರೆ. ಮೊದಲ ಸಲ ಡ್ರಿಪ್ ಹಾಕಿಕೊಟ್ಟವರನ್ನೇ ಕರೆದು ಮಾಡಿಸಿ, ನೋಡಿ ಕಲಿಯಿರಿ. ಯಾವತ್ತಿದ್ದರೂ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು, ಸಿಡಿಯುತ್ತದೆ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕು. ಪಾಚಿಗೆ ಬ್ಲೀಚಿಂಗ್ ಪೌಡರ್ ಬಿಟ್ಟ ದಿನ ಆಸಿಡ್ ಮುಟ್ಟಲೇಬೇಡಿ. ಎರಡೂ ಸೇರಿದರೆ ಬರುವ ಗಾಳಿ ಎದೆ ಹಿಡಿಯುತ್ತದೆ, ಜೀವ ತೆಗೆಯುವಂಥದ್ದು.

ಫಿಲ್ಟರ್, ಪೈಪ್ ಎಲ್ಲ ಸರಿ ಇದ್ದೂ ನೀರು ಕಡಿಮೆ ಅಂದರೆ ಮೋಟಾರು ಅಥವಾ ಕರೆಂಟು. ಸ್ಟಾರ್ಟರ್ ಡಬ್ಬಿ ಒದ್ದೆ ಕೈಯಲ್ಲಿ ತೆಗೆಯಬೇಡಿ. ಮೋಟಾರು ಗುಂಯ್ ಅಂತ ಸದ್ದು ಮಾಡಿ ತಿರುಗದಿದ್ದರೆ ತಕ್ಷಣ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಯಿರಿ. ಅಲ್ಲಿ ನಮ್ಮ ಕೈಯಾಡಿಸುವ ಕೆಲಸ ಏನೂ ಇಲ್ಲ.

ನೀರೂ ಸರಿ, ಹದವೂ ಸರಿ, ಇಡೀ ಸಾಲು ಚೆನ್ನಾಗಿದೆ, ನಡುವೆ ಒಂದೇ ಗಿಡ ಜೋತಿದೆ ಅಂದರೆ ಕೆಳಗೆ ಕಾಂಡ ಕೊರಕದ ಭಾಗಕ್ಕೆ ಹೋಗಿ.

ಎಲೆ ಹಳದಿ ಆಗುತ್ತಿದೆ

ಒಮ್ಮೆ ನಾನು ತವರಿಗೆ ಫೋನ್ ಮಾಡಿ ಏನು ಹೊಡೆಯಲಿ ಅಂತ ಕೇಳಿದೆ. ನಮ್ಮಣ್ಣ ಒಂದೇ ಮಾತು ಹೇಳಿದ. 'ಔಷಧಿ ಆಮೇಲೆ ಕಣೇ. ಹಳದಿ ಆಗಿರೋದು ಚಿಗುರೆಲೆನೋ ಹಳೇ ಎಲೆನೋ, ಅದು ಹೇಳು ಮೊದ್ಲು.' ಇವತ್ತಿಗೂ ನಾನು ಬಂದವರನ್ನು ಕೇಳುವುದು ಇದನ್ನೇ.

ಚಿಗುರೆಲೆ ಹಳದಿ ಆಗಿ, ನರ ಮಾತ್ರ ಹಸಿರು ಬಲೆ ಥರ ಎದ್ದು ಕಾಣುತ್ತಿದ್ದರೆ ಕಬ್ಬಿಣದ ಕೊರತೆ. ನಮ್ಮ ಜಿಲ್ಲೆಯ ಕಾಫಿಯಲ್ಲಿ ನಾನು ಅತಿ ಹೆಚ್ಚು ನೋಡಿರುವುದು ಇದನ್ನೇ. ಮಣ್ಣು ಕೆಂಪಗಿದೆ, ಅದರಲ್ಲಿ ಕಬ್ಬಿಣ ಬೇಕಾದಷ್ಟಿದೆ, ಆದರೂ ಗಿಡಕ್ಕೆ ಸಿಗುವುದಿಲ್ಲ. ಗಡಸು ನೀರು ವರ್ಷಗಟ್ಟಲೆ ಬಿದ್ದು ಬುಡದ ಮಣ್ಣಿನಲ್ಲಿ ಸುಣ್ಣದ ಅಂಶ ಸೇರಿಕೊಂಡಿರುತ್ತದೆ. ಅದು ಕಬ್ಬಿಣವನ್ನು ಬೇರಿಗೆ ಬಿಟ್ಟುಕೊಡುವುದಿಲ್ಲ. ಕಾಫಿಗೆ ಬೇಕಾದ ಮಣ್ಣಿನ ರಸಸಾರ (pH) 6ರಿಂದ 6.5. ಬೋರ್ ನೀರು ಕುಡಿದ ಮಣ್ಣು ಎಷ್ಟೋ ಕಡೆ 7.5, 8 ಮುಟ್ಟಿರುತ್ತದೆ.

ಮನೆಯಲ್ಲೇ ನೋಡುವ ಗುರುತು ಎರಡಿದೆ. ಸ್ನಾನದ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪೊರೆ ದಪ್ಪಗೆ ಕಟ್ಟುತ್ತಿದ್ದರೆ ನೀರು ಗಡಸು. ಡ್ರಿಪ್ಪರ್ ಕೆಳಗಿನ ಒಣ ಮಣ್ಣು ಒಂದು ಹಿಡಿ ತಟ್ಟೆಗೆ ಹಾಕಿ, ಅಡುಗೆ ವಿನೆಗರ್ ಸುರಿಯಿರಿ. ಚರಚರ ಗುಳ್ಳೆ ಬಂದರೆ ಮಣ್ಣಿನಲ್ಲಿ ಸುಣ್ಣ ಕೂತಿದೆ.

ಈಗ ಮುಖ್ಯವಾದ ಮಾತು. ಮಲೆನಾಡಿನವರು ಕಾಫಿ ತೋಟಕ್ಕೆ ಸುಣ್ಣ ಹಾಕುತ್ತಾರೆ. ಅಲ್ಲಿನ ಹುಳಿ ಮಣ್ಣಿಗೆ ಅದು ಬೇಕು. ಅದನ್ನು ನೋಡಿ ಇಲ್ಲಿ ಹಾಕಬೇಡಿ. ನಾನೇ ತವರಿನ ಅಭ್ಯಾಸ ಅಂತ ಮೊದಲ ವರ್ಷ ಎರಡು ಮೂಟೆ ಸುಣ್ಣ ಚೆಲ್ಲಿದ್ದೆ. ಮುಂದಿನ ಚಿಗುರು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಹಳದಿ ಬಂತು. ಮಾವ ಏನೂ ಬಯ್ಯಲಿಲ್ಲ. ಬುಡದ ಮಣ್ಣು ಕೈಯಲ್ಲಿ ಹಿಡಿದು, 'ಈ ನೆಲ ಬೇರೆ ಕಣಮ್ಮಣ್ಣಿ' ಅಂದರು. ಆ ಗಿಡಗಳು ಸರಿಹೋಗಲು ಎರಡು ಮಳೆಗಾಲ ಬೇಕಾಯಿತು.

ಇದಕ್ಕೆ ಫೆರಸ್ ಸಲ್ಫೇಟ್, ಹಳಬರು ಅನ್ನಭೇದಿ ಅನ್ನುತ್ತಾರಲ್ಲ ಅದು, ಎಲೆಗೆ ಸಿಂಪಡಿಸುವುದು ಬೇಗ ಕೆಲಸ ಮಾಡುತ್ತದೆ. ಬುಡಕ್ಕೆ ಹಾಕಿದರೆ ಸುಣ್ಣದ ಮಣ್ಣು ಅದನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಪ್ರಮಾಣ ಮಾತ್ರ ಪರೀಕ್ಷೆ ಮಾಡಿಸಿದ ಮೇಲೆ ಕೇಳಿಕೊಂಡು ಹಾಕಿ, ಜಾಸ್ತಿಯಾದರೆ ಎಲೆ ಸುಡುತ್ತದೆ. ನಿಧಾನವಾಗಿಯಾದರೂ ಉಳಿಯುವ ಪರಿಹಾರ ಅಂದರೆ ಕೊಟ್ಟಿಗೆ ಗೊಬ್ಬರ, ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಸೊಪ್ಪು, ಮತ್ತು ಮಳೆ ನೀರು. ಕೃಷಿ ಹೊಂಡದ ನೀರು ಬಿಟ್ಟ ನಾಲ್ಕು ಸಾಲು ನಮ್ಮಲ್ಲಿ ಎಲ್ಲಕ್ಕಿಂತ ಹಸಿರಾಗಿದೆ.

ಹಳೇ ಎಲೆ ಒಂದೇ ಸಮನೆ ಹಳದಿಯಾಗಿ ಉದುರುತ್ತಿದ್ದರೆ ಸಾರಜನಕ ಸಾಲದು. ಹಳೇ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಆದರೆ ಮೆಗ್ನೀಷಿಯಂ. ಎಲೆಯ ತುದಿ, ಅಂಚು ಸುಟ್ಟ ಕಾಗದದ ಥರ ಕಂದಾದರೆ ಉಪ್ಪು ನೀರು ಅಥವಾ ಪೊಟ್ಯಾಷ್ ಕೊರತೆ. ಇದೆರಡನ್ನು ಕಣ್ಣಲ್ಲಿ ಬೇರೆ ಮಾಡುವುದು ಕಷ್ಟ, ನೀರು ಪರೀಕ್ಷೆ ಮಾಡಿಸಲೇಬೇಕು. ಬಿಸಿಲಿಗೆ ಮುಖ ಮಾಡಿದ ಎಲೆಯಲ್ಲಷ್ಟೇ ಬಿಳಿಚಿದ ಮಚ್ಚೆ ಇದ್ದರೆ ಅದು ಬಿಸಿಲಿನ ಸುಟ್ಟಗಾಯ. ಪಡುವಣ ಬದಿಗೆ ನೆರಳು ಕೊಡಿ. ತೆಂಗಿನ ತೋಟದಲ್ಲಿ ಈ ತೊಂದರೆ ಜಾಸ್ತಿ, ಮರ 30 ಅಡಿಗೊಂದು ಇರುತ್ತದಲ್ಲ. ಬೇಲಿ ಸಾಲಿಗೆ ಗೊಬ್ಬರದ ಗಿಡವೋ ಹಾಲುವಾಣವೋ ಹಾಕಿ. ಜಾಗವಿದ್ದರೆ ಹಲಸು ಇನ್ನೂ ಒಳ್ಳೆಯದು.

ಎಲೆಯ ಅಡಿಯಲ್ಲಿ ಕಿತ್ತಳೆ ಪುಡಿ

ಎಲೆ ತಿರುಗಿಸಿ ಬೆರಳು ಉಜ್ಜಿ. ಅರಿಶಿನ ಕುಂಕುಮ ಬೆರೆಸಿದಂಥ ಪುಡಿ ಅಂಟಿದರೆ ಎಲೆ ತುಕ್ಕು ರೋಗ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿಯನ್ನೇ ಮುಗಿಸಿದ ರೋಗ ಇದು. ಅರೇಬಿಕಾಗೆ ಬರುವುದು ಜಾಸ್ತಿ, ರೋಬಸ್ಟಾ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ನಮ್ಮ ಒಣ ಹವೆಗೆ ಇದರ ಆಟ ಕಡಿಮೆ. ಆದರೂ ಒತ್ತಾದ ಅಡಿಕೆ ತೋಟದೊಳಗೆ ಮಳೆಗಾಲ ಮುಗಿಯುವ ಹೊತ್ತಿಗೆ ಬರುತ್ತದೆ.

ಖರ್ಚಿಲ್ಲದ ಕೆಲಸ ಮೊದಲು. ಗಿಡದೊಳಗೆ ಗಾಳಿ ಆಡುವ ಹಾಗೆ ಕಾಂಡದಿಂದ ನೆಟ್ಟಗೆ ಏಳುವ ಕಂಬ ಚಿಗುರು ತೆಗೆಯಿರಿ, ಒಣ ರೆಂಬೆ ಸವರಿ. ಆಮೇಲೂ ಬಂದರೆ ಬೋರ್ಡೋ ದ್ರಾವಣ. ತುಕ್ಕಿಗೆ ಅರ್ಧ ಪರ್ಸೆಂಟ್ ಸಾಕು, ಅಂದರೆ 200 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವುದು ಒಂದು ಪರ್ಸೆಂಟ್, ಅದನ್ನೇ ತಂದು ಇದಕ್ಕೂ ಸುರಿಯಬೇಡಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹಾಕಬೇಕು. ಕಬ್ಬಿಣದ ಡ್ರಮ್ ಬೇಡ, ಪ್ಲಾಸ್ಟಿಕ್ ಸರಿ. ಮಾಡಿದ ಮೇಲೆ ಹೊಳೆಯುವ ಚಾಕು ಒಂದು ನಿಮಿಷ ಅದ್ದಿ ತೆಗೆಯಿರಿ. ಚಾಕುವಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಆ ದಿನ ಮಾಡಿದ್ದನ್ನು ಆ ದಿನವೇ ಮುಗಿಸಿ. ಸುಟ್ಟ ಸುಣ್ಣ ಅರಳಿಸುವಾಗ ಕುದಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಯಾವ ಸಿಂಪಡಣೆಗೂ ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್, ಗಾಳಿಗೆ ಬೆನ್ನು. ನಡುವೆ ಎಲೆ ಅಡಿಕೆ, ಬೀಡಿ, ಟೀ ಬೇಡ. ತಲೆ ಸುತ್ತು, ವಾಂತಿ, ಕಣ್ಣು ಮಂಜು ಬಂದರೆ ಕೂಡಲೇ ನಿಲ್ಲಿಸಿ, ಬಟ್ಟೆ ಬದಲಿಸಿ, ಮೈ ತೊಳೆದು, ಔಷಧಿ ಡಬ್ಬಿಯನ್ನೂ ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಹೋಗಿ. ಡಬ್ಬಿ ನೋಡಿದರೆ ಡಾಕ್ಟರಿಗೆ ಯಾವ ವಿಷ ಅಂತ ಬೇಗ ಗೊತ್ತಾಗುತ್ತದೆ.

ಹೊಸದಾಗಿ ಅರೇಬಿಕಾ ಹಾಕಲೇಬೇಕು ಅನ್ನುವವರಿಗೆ ಚಂದ್ರಗಿರಿ ತಳಿ ಇದೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಕೇಂದ್ರದ್ದು, 2007ರಲ್ಲಿ ಬಂತು, ತುಕ್ಕು ತಡೆಯುತ್ತದೆ.

ಹೂ ಬರುವುದಿಲ್ಲ, ಬಂದರೂ ಕಾಯಿ ಕಟ್ಟುವುದಿಲ್ಲ

ಇದರ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳಬೇಕು. ಬಯಲುಸೀಮೆಯ ಕಾಫಿಯಲ್ಲಿ ದುಡ್ಡು ಹೋಗುವುದು ಇಲ್ಲೇ.

ಕಾಫಿ ಮೊಗ್ಗು ಗೆಣ್ಣಿನಲ್ಲಿ ಅಕ್ಕಿ ಕಾಳಿನ ಥರ ಕೂತು ನಿದ್ದೆ ಮಾಡುತ್ತದೆ. ಅದು ಅರಳಬೇಕಾದರೆ ಮೊದಲು ಒಣಗಬೇಕು, ಆಮೇಲೆ ಒಂದು ಸಲ ಚೆನ್ನಾಗಿ ನೆನೆಯಬೇಕು. ಮಲೆನಾಡಿನಲ್ಲಿ ಚಳಿಗಾಲದ ಒಣ ಹವೆ ಮೊದಲ ಕೆಲಸ ಮಾಡುತ್ತದೆ, ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಹೂಮಳೆ ಎರಡನೆಯದನ್ನು. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ಗುಡ್ಡ ಬೆಳ್ಳಗಾಗುತ್ತದೆ. ತವರಿನಲ್ಲಿ ಆ ಬೆಳಿಗ್ಗೆ ಮಲ್ಲಿಗೆ ವಾಸನೆ ಮನೆಯೊಳಕ್ಕೇ ಬರುತ್ತಿತ್ತು.

ಇಲ್ಲಿ ನಾವು ಅಡಿಕೆಗೆ ಅಂತ ವರ್ಷವಿಡೀ ಡ್ರಿಪ್ ಬಿಡುತ್ತೇವೆ. ಮೊಗ್ಗಿಗೆ ಒಣಗುವ ಅವಕಾಶವೇ ಇಲ್ಲ. ಹಾಗಾಗಿ ತಿಂಗಳಿಗೆ ನಾಲ್ಕು ಹೂ, ಐದು ಹೂ, ಬಿಡಿಬಿಡಿಯಾಗಿ ಬರುತ್ತದೆ. ಒಂದೇ ರೆಂಬೆಯಲ್ಲಿ ಹಣ್ಣು, ಹಸಿರುಕಾಯಿ, ಹೂ ಮೂರೂ ಇರುತ್ತವೆ. ನೋಡಲು ಚೆಂದ, ಕುಯ್ಯಲು ಕೂಲಿ ಹುಟ್ಟುವುದಿಲ್ಲ. ನಿಮ್ಮ ಗಿಡ ಹೀಗಿದ್ದರೆ ರೋಗ ಹುಡುಕಬೇಡಿ. ಕಾಫಿಗೆ ಬೇರೆ ಪೈಪ್, ಬೇರೆ ವಾಲ್ವ್ ಮಾಡಿ. ಕುಯ್ಲು ಮುಗಿದ ಮೇಲೆ ಆ ವಾಲ್ವ್ ಕೆಲವು ವಾರ ಮುಚ್ಚಿ. ಮಧ್ಯಾಹ್ನ ಎಲೆ ಜೋತು, ಬೆಳಿಗ್ಗೆ ಏಳುವ ಮಟ್ಟಕ್ಕೆ ಒಣಗಲಿ. ಬೆಳಿಗ್ಗೆಯೂ ಏಳದಿದ್ದರೆ ಜಾಸ್ತಿಯಾಯಿತು, ನೀರು ಕೊಡಿ. ಅಡಿಕೆ ಬೇರಿಗೆ ಬಿಟ್ಟ ನೀರು ಸ್ವಲ್ಪ ಕಾಫಿಗೂ ಸಿಗುವುದರಿಂದ ಮಲೆನಾಡಿನಷ್ಟು ಒಟ್ಟಿಗೆ ಹೂ ಬರುವುದಿಲ್ಲ. ಆದರೂ ಬಿಡಿಬಿಡಿಯಾಗಿ ಬರುವುದಕ್ಕೂ ಮೂರು ಸಲಕ್ಕೆ ಬರುವುದಕ್ಕೂ ತುಂಬಾ ವ್ಯತ್ಯಾಸ ಇದೆ, ಅಲ್ವಾ?

ಮೊಗ್ಗು ಬಂತು, ಅರಳದೆ ಕಂದಾಗಿ ಒಣಗಿತು, ಇಲ್ಲವೇ ಹಸಿರು ನಕ್ಷತ್ರದ ಥರ ಮುದುಡಿದ ಹೂ ಬಂತು ಅಂದರೆ ನೆನೆಸಿದ್ದು ಅರೆಬರೆ. ಎಬ್ಬಿಸಿದ ಮೊಗ್ಗಿಗೆ ಹೊಟ್ಟೆ ತುಂಬ ನೀರು ಕೊಡಬೇಕು. ರೋಬಸ್ಟಾಗೆ ಒಂದರಿಂದ ಒಂದೂವರೆ ಇಂಚು ಬೇಕು, ಅದೂ ಮೇಲಿಂದ, ಸ್ಪ್ರಿಂಕ್ಲರ್‌ನಲ್ಲಿ. ಒಂದು ಎಕರೆಗೆ ಒಂದು ಇಂಚು ಅಂದರೆ ಸುಮಾರು ಒಂದು ಲಕ್ಷ ಲೀಟರ್. ನಿಮ್ಮ ಬೋರಿನ ಲೆಕ್ಕ ಮೊದಲು ಹಾಕಿ. ನಮ್ಮದು ಗಂಟೆಗೆ 6000 ಲೀಟರ್ ಕೊಡುತ್ತದೆ. ಅರ್ಧ ಎಕರೆಗೆ ಒಂದೂವರೆ ಇಂಚು ಅಂದರೆ 75,000 ಲೀಟರ್, ಹನ್ನೆರಡೂವರೆ ಗಂಟೆ. ತ್ರೀ ಫೇಸ್ ಕರೆಂಟು ನಮಗೆ ದಿನಕ್ಕೆ 7 ಗಂಟೆ. ಅಲ್ಲಿಗೆ ಅರ್ಧ ಎಕರೆಗೆ ಎರಡು ದಿನ. ಇಡೀ ತೋಟಕ್ಕೆ ಒಟ್ಟಿಗೆ ಸ್ವಲ್ಪ ಸ್ವಲ್ಪ ಹಾಯಿಸಿ ಕೆಡಿಸಿಕೊಳ್ಳುವ ಬದಲು ಒಂದು ತುಂಡು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗಿ. ಒಂದು ಖಾಲಿ ಡಬ್ಬ ಗಿಡಗಳ ನಡುವೆ ಇಟ್ಟು, ಅದರಲ್ಲಿ ನಿಂತ ನೀರನ್ನು ಮಕ್ಕಳ ಸ್ಕೇಲಿನಲ್ಲಿ ಅಳೆಯಿರಿ. 38 ಮಿಲಿಮೀಟರ್ ಮುಟ್ಟಿದರೆ ಒಂದೂವರೆ ಇಂಚು. ಹೂ ಆಗಿ ಹದಿನೈದು ಇಪ್ಪತ್ತು ದಿನಕ್ಕೆ ಇನ್ನೊಂದು ಸಲ ನೀರು ಕೊಡಬೇಕು, ಆಗ ಎಳೆಗಾಯಿ ನಿಲ್ಲುತ್ತದೆ.

ಸ್ಪ್ರಿಂಕ್ಲರ್‌ನ ಅಲ್ಯೂಮಿನಿಯಂ ಪೈಪು, ಮರ ಹತ್ತುವ ಅಲ್ಯೂಮಿನಿಯಂ ಏಣಿ, ಇವನ್ನು ನೆಟ್ಟಗೆ ಎತ್ತಿ ಹಿಡಿದು ನಡೆಯಬೇಡಿ. ಮೇಲೆ ಕರೆಂಟು ತಂತಿ ಎಲ್ಲಿದೆ ಅಂತ ಮೊದಲು ನೋಡಿ. ಕಾಫಿ ಸೀಮೆಯಲ್ಲಿ ಇದರಿಂದ ಎಷ್ಟೋ ಜೀವ ಹೋಗಿವೆ. ಪೈಪನ್ನು ಇಬ್ಬರು ಹಿಡಿದು, ಅಡ್ಡಲಾಗಿ, ಸೊಂಟದ ಎತ್ತರದಲ್ಲಿ ಸಾಗಿಸಿ.

ಇನ್ನು ಹೂ ಚೆನ್ನಾಗಿ ಬಂದೂ ಕಾಯಿ ಕಟ್ಟದಿರುವುದು. ರೋಬಸ್ಟಾ ತನ್ನ ಪರಾಗಕ್ಕೆ ತಾನೇ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬೇಕು, ಅದೂ ಬೇರೆ ತಾಯಿಯದ್ದು. ಒಂದೇ ತಾಯಿಗಿಡದ ಕಸಿ ತಂದು ಇಡೀ ತೋಟ ತುಂಬಿಸಿದರೆ ನೂರು ಗಿಡವೂ ಒಂದೇ ಗಿಡದ ಲೆಕ್ಕ. ನಮ್ಮ ಪಕ್ಕದ ಊರಿನ ಒಬ್ಬರಿಗೆ ಹೀಗೇ ಆಯಿತು. ನಾಲ್ಕನೇ ವರ್ಷ ತೋಟ ಹಾಲು ಚೆಲ್ಲಿದ ಹಾಗೆ ಹೂವಾಗಿತ್ತು, ಕಾಯಿ ಮಾತ್ರ ಗೆಣ್ಣಿಗೆ ಒಂದೋ ಎರಡೋ. ಬೀಜದಿಂದ ಬೆಳೆಸಿದ ಬೇರೆ ಸಸಿಗಳನ್ನು ನಡುನಡುವೆ ಹಾಕಿದ ಮೇಲೆ ಸರಿಹೋಗುತ್ತಿದೆ. ಅರೇಬಿಕಾಗೆ ಈ ಚಿಂತೆ ಇಲ್ಲ, ಅದು ತನ್ನಷ್ಟಕ್ಕೆ ತಾನೇ ಕಟ್ಟಿಕೊಳ್ಳುತ್ತದೆ. ಹೂ ಅರಳಿದ ದಿನ ಮಳೆ ಹೊಡೆದರೂ ಕಾಯಿ ಕಟ್ಟುವುದಿಲ್ಲ, ಅದಕ್ಕೆ ಮದ್ದಿಲ್ಲ. ಆ ವಾರ ಜೇನುಹುಳ ತುಂಬಿರುತ್ತವೆ. ತೋಟದಲ್ಲಿ, ಪಕ್ಕದ ತೋಟದಲ್ಲೂ, ಯಾವ ಕೀಟನಾಶಕವನ್ನೂ ಹೊಡೆಯದ ಹಾಗೆ ನೋಡಿಕೊಳ್ಳಿ. ಕೇಳಿಕೊಂಡರೆ ಅಕ್ಕಪಕ್ಕದವರು ಒಪ್ಪುತ್ತಾರೆ.

ಒಂದೇ ಗಿಡ ಬಾಡಿದೆ, ಕಾಂಡದ ಮೇಲೆ ಉಂಗುರದಂಥ ಉಬ್ಬು

ಬಾಡಿದ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಕಾಂಡವನ್ನು ಬುಡದಿಂದ ಮೇಲಕ್ಕೆ ಹೆಬ್ಬೆರಳಿನಿಂದ ಸವರಿ. ಒಳ್ಳೆಯ ಕಾಂಡ ನುಣ್ಣಗಿರುತ್ತದೆ. ಕಾಂಡ ಕೊರಕ ಹೊಕ್ಕಿದ್ದರೆ ತೊಗಟೆಯಡಿ ಹಗ್ಗ ಸುತ್ತಿದ ಹಾಗೆ ದಿಣ್ಣೆ ಸಿಗುತ್ತದೆ. ಆ ದಿಣ್ಣೆಯನ್ನು ಚಾಕುವಿನಿಂದ ಕೆರೆದರೆ ಒಳಗೆ ಸುರಂಗ, ಸುರಂಗದಲ್ಲಿ ಗಟ್ಟಿಯಾಗಿ ತುರುಕಿದ ಮರದ ಹಿಟ್ಟು. ದುಂಡು ತೂತು ಕಂಡರೆ ಹುಳ ದುಂಬಿಯಾಗಿ ಆಗಲೇ ಹಾರಿಹೋಗಿದೆ.

ಇದು ಬಿಳಿ ಕಾಂಡ ಕೊರಕ. ಅರೇಬಿಕಾದ ಶತ್ರು, ರೋಬಸ್ಟಾಗೆ ಅಪರೂಪ. ದುಂಬಿಗೆ ಬಿಸಿಲು ಬಿದ್ದ ಬೆಚ್ಚಗಿನ ಕಾಂಡ ಅಂದರೆ ಪ್ರೀತಿ. ತೆಂಗಿನ ತೋಟದ ಅರೇಬಿಕಾ ಹೋಗುವುದು ಇದರಿಂದಲೇ. ಹಾರಾಟ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಒಮ್ಮೆ. ಅದಕ್ಕೆ ಮುಂಚೆ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಪ್ರತಿ ಗಿಡ ಸವರಿ ನೋಡಬೇಕು.

ಸಿಕ್ಕಿದ ಗಿಡಕ್ಕೆ ಔಷಧಿ ಇಲ್ಲ. ಮನಸ್ಸು ಗಟ್ಟಿ ಮಾಡಿ ಬುಡಸಮೇತ ಕಿತ್ತು ಸುಡಿ. ಸೌದೆ ಅಂತ ಒಲೆ ಪಕ್ಕ ಪೇರಿಸಿದರೆ ಅಲ್ಲಿಂದಲೇ ದುಂಬಿ ಹೊರಟು ತೋಟಕ್ಕೆ ವಾಪಸ್ ಬರುತ್ತದೆ. ಉಳಿದ ಗಿಡಗಳ ಸಡಿಲ ತೊಗಟೆಯನ್ನು ಗೋಣಿತಾಟಿನಿಂದ ಉಜ್ಜಿ ತೆಗೆದರೆ ಮೊಟ್ಟೆ ಇಡಲು ಬಿರುಕು ಸಿಗುವುದಿಲ್ಲ. ಕಾಂಡಕ್ಕೆ ಸುಣ್ಣದ ನೀರು ಬಳಿಯುವುದೂ ಉಂಟು. ನೆಲಕ್ಕೆ ಸುರಿಯದ ಹಾಗೆ ಬಳಿಯಿರಿ, ನಮ್ಮ ಮಣ್ಣಿಗೆ ಅದು ಬೇಡ ಅಂತ ಹೇಳಿದೆನಲ್ಲ. ನೂರಕ್ಕೆ ಐದು ಗಿಡಕ್ಕಿಂತ ಜಾಸ್ತಿ ಸಿಕ್ಕರೆ ಒಬ್ಬರೇ ಹೋರಾಡಬೇಡಿ, ತಜ್ಞರನ್ನು ಕರೆಸಿ.

ಕಾಯಿಯ ತುದಿಯಲ್ಲಿ ಗುಂಡುಸೂಜಿ ತೂತು

ಕಾಯಿಯ ಹೊಕ್ಕುಳಿನಲ್ಲೇ ತೂತಿದ್ದರೆ ಕಾಯಿ ಕೊರಕ. ಬಿಡಿಸಿ ನೋಡಿ, ಎಳ್ಳಿಗಿಂತ ಸಣ್ಣ ಕಪ್ಪು ದುಂಬಿ ಒಳಗಿರುತ್ತದೆ. ಭಾರತದಲ್ಲಿ ಇದು ಮೊದಲು ಕಂಡಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರು ಕಡೆ. ಬಿಡಿಬಿಡಿಯಾಗಿ ಹೂ ಬರುವ ತೋಟದಲ್ಲಿ ಇದಕ್ಕೆ ವರ್ಷಪೂರ್ತಿ ಊಟ. ಗಿಡದಲ್ಲಿ ಉಳಿದ ಕಾಯಿ, ನೆಲಕ್ಕೆ ಉದುರಿದ ಕಾಯಿ ಒಂದೂ ಬಿಡದೆ ಆರಿಸಿ, ಕುದಿಯುವ ನೀರಿನಲ್ಲಿ ಎರಡು ನಿಮಿಷ ಅದ್ದಿ. ಬೇರೆ ತೋಟದ ಗೋಣಿಚೀಲ ತರಬೇಡಿ.

ತೂತಿಲ್ಲದೆ ಕಾಯಿ ಕಪ್ಪಗಾಗಿ, ರೆಂಬೆಯೇ ತುದಿಯಿಂದ ಒಣಗುತ್ತಿದ್ದರೆ ಗಿಡ ತನ್ನ ಶಕ್ತಿ ಮೀರಿ ಕಾಯಿ ಹೊತ್ತಿದೆ. ನೆರಳು, ಗೊಬ್ಬರ ಎರಡೂ ಸಾಲದು. ಇರುವೆ ಸಾಲು ಹತ್ತುತ್ತಾ, ಎಲೆ ಮೇಲೆ ಮಸಿ ಬಳಿದಂತಿದ್ದರೆ ಹಿಟ್ಟು ತಿಗಣೆ ಅಥವಾ ಹಸಿರು ಹುರುಪೆ ಹುಳ. ಇರುವೆ ಗೂಡು ತೆಗೆಸಿ, ಬೇಲಿ ಗಿಡಕ್ಕೆ ತಗಲುವ ರೆಂಬೆ ಸವರಿ. ಕಡಿಮೆ ಇದ್ದಾಗಲೇ ಜೋರಾಗಿ ನೀರು ಚಿಮ್ಮಿಸಿದರೆ ಎಷ್ಟೋ ಉದುರುತ್ತದೆ.

ಪರೀಕ್ಷೆಗೆ ಏನು ಒಯ್ಯಬೇಕು

ಮೇಲಿನದೆಲ್ಲ ನೋಡಿಯೂ ತಿಳಿಯದಿದ್ದರೆ, ಅಥವಾ ಹದಿನೈದು ದಿನದಲ್ಲಿ ಪಕ್ಕದ ಗಿಡಕ್ಕೆ ಹರಡುತ್ತಿದ್ದರೆ ಕಾಯಬೇಡಿ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ, ತುಮಕೂರಿನ ಹತ್ತಿರ ಹಿರೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಸೊರಗಿದ ಗಿಡದ ಎಲೆ ಮಾತ್ರ ಒಯ್ಯಬೇಡಿ, ಚೆನ್ನಾಗಿರುವ ಗಿಡದ ಎಲೆಯೂ ಇರಲಿ. ಮಣ್ಣನ್ನು ಗೊಬ್ಬರ ಹಾಕುವ ಮುಂಚೆ, ಎಂಟು ಹತ್ತು ಕಡೆ ಒಂದು ಅಡಿ ಆಳದವರೆಗೆ ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕಟ್ಟಿಕೊಳ್ಳಿ. ನೀರು ಹಿಡಿಯುವ ಮುಂಚೆ ಮೋಟಾರು ಅರ್ಧ ಗಂಟೆ ಓಡಿಸಿ, ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು ತುಂಬಿ. ಎಣ್ಣೆ, ಜ್ಯೂಸ್ ಇದ್ದ ಬಾಟಲಿ ಬೇಡ.

ಒಣಗಿಸಿದ ಕಾಫಿ ಮುಗ್ಗು ವಾಸನೆ

ಒಣಗಿಸುವುದರಲ್ಲಿ ನಾವು ಮಲೆನಾಡಿಗಿಂತ ಅದೃಷ್ಟವಂತರು. ಜನವರಿ, ಫೆಬ್ರವರಿಯಲ್ಲಿ ಇಲ್ಲಿ ಮೋಡವೇ ಇರುವುದಿಲ್ಲ. ಆದರೂ ಮುಗ್ಗು ಬರುತ್ತದೆ ಅಂದರೆ ರಾಶಿ ದಪ್ಪ ಹರಡಿದ್ದೀರಿ, ಇಲ್ಲವೇ ರಾತ್ರಿ ಇಬ್ಬನಿಗೆ ಬಿಟ್ಟಿದ್ದೀರಿ. ಎರಡು ಬೆರಳು ದಪ್ಪಕ್ಕಿಂತ ಜಾಸ್ತಿ ಬೇಡ. ಗಂಟೆಗೊಮ್ಮೆ ಕೈಯಾಡಿಸಿ, ಸಂಜೆ ಒಟ್ಟು ಮಾಡಿ ಟಾರ್ಪಾಲ್ ಮುಚ್ಚಿ, ಬಿಸಿಲು ಏರಿದ ಮೇಲೆ ತೆಗೆಯಿರಿ. ಹಣ್ಣನ್ನು ಹಾಗೇ ಒಣಗಿಸಿದರೆ ಹನ್ನೆರಡರಿಂದ ಹದಿನೈದು ದಿನ ಬೇಕು. ಮುಷ್ಟಿಯಲ್ಲಿ ಹಿಡಿದು ಕಿವಿ ಹತ್ತಿರ ಅಲ್ಲಾಡಿಸಿ, ಗಿಲಗಿಲ ಸದ್ದು ಬರಬೇಕು. ಖರೀದಿದಾರರು ತೇವದ ಮೀಟರ್ ಹಾಕುತ್ತಾರೆ, ರೋಬಸ್ಟಾ ಚೆರಿಗೆ, ಅಂದರೆ ಹೀಗೆ ಸಿಪ್ಪೆಸಮೇತ ಒಣಗಿಸಿದ್ದಕ್ಕೆ, 11 ಪರ್ಸೆಂಟ್ ಒಳಗಿರಬೇಕು.

ಕಾಫಿ ಪಕ್ಕದಲ್ಲಿರುವುದರ ವಾಸನೆ ಹೀರಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಇರುವುದು ಒಂದೇ ಕಣ. ಬೇಯಿಸಿದ ಅಡಿಕೆಯ ಚೊಗರು ಇಳಿದ ಜಾಗದಲ್ಲೇ, ಕೊಬ್ಬರಿ ರಾಶಿಯ ಪಕ್ಕದಲ್ಲೇ ಕಾಫಿ ಹರಡಿದರೆ ಲೋಟದಲ್ಲಿ ಅದು ಗೊತ್ತಾಗುತ್ತದೆ. ನಾವು ಕಣದ ಮೂಡಣ ಮೂಲೆಯನ್ನು ಕಾಫಿಗೆ ಅಂತ ಇಟ್ಟಿದ್ದೇವೆ. ಅಲ್ಲಿಗೆ ಹಾಸುವ ಟಾರ್ಪಾಲಿನ ಅಂಚಿಗೆ ಅತ್ತೆ ಕೆಂಪು ದಾರ ಹೊಲಿದಿದ್ದಾರೆ, ಬೇರೆ ಯಾವುದಕ್ಕೂ ಅದನ್ನು ಯಾರೂ ಮುಟ್ಟುವುದಿಲ್ಲ.